ಇಚಿರೊ, ಮಾದರಿ ಸಂಖ್ಯೆ 51: ಬಳಕೆದಾರರ ಕೈಪಿಡಿ

ಅಭಿನಂದನೆಗಳು. ಈಗ ತಾವೊಬ್ಬ ವೃತ್ತಿಪರ ಬೇಸ್‌ಬಾಲ್ ಆಟಗಾರನ ಒಡೆಯರು. ಮಿಕ್ಸಿ ಸುಟ್ಟ ಮೇಲೆ ಕೈಪಿಡಿ ಹುಡುಕುವ ಮನೆವಾಡಿಕೆಯನ್ನು ದಯವಿಟ್ಟು ಇಲ್ಲಿ ಬಿಡಿ. ಮೊದಲು ಓದಿ, ಆಮೇಲೆ ಪೆಟ್ಟಿಗೆ ಒಡೆಯಿರಿ.

1. ಪೆಟ್ಟಿಗೆಯಲ್ಲಿ ಏನೇನಿದೆ

ಉರುಟು ಮರದ ಬ್ಯಾಟುಗಳು, ಗ್ಲೌಸ್ ಒಂದು, ಓಡುವ ಕಾಲು ಎರಡು, ಬೇಲಿಯಂಚಿನಿಂದ ನೇರ ಎಸೆಯುವ ಬಲಗೈ ಒಂದು. ಮೈಕಟ್ಟು ಸಣಕಲಾಯಿತು ಎಂದು ವಾಪಸು ಕಳಿಸಬೇಡಿ. ಇದು ಕಲ್ಲು ಒಡೆಯುವ ಯಂತ್ರವಲ್ಲ, ಹೊಲಿಗೆ ಯಂತ್ರ.

2. ಜೋಡಣೆ

ಸ್ಥಳ: ಜಪಾನಿನ ಐಚಿ ಪ್ರಾಂತ್ಯದ ಟೊಯೊಯಾಮಾ. ತಯಾರಿಕೆ: 1973. ಬೇಕಾದ ಸಾಮಗ್ರಿ: ಹಟಮಾರಿ ಅಪ್ಪ ಒಬ್ಬರು. ಮಗುವಿಗೆ ಏಳು ತುಂಬುತ್ತಲೇ ದಿನವೂ ಮೈದಾನಕ್ಕೆ ಕರೆದೊಯ್ಯಿರಿ. ಮುಂದೆ ಯಂತ್ರ ಚೆಂಡೆಸೆಯುವ ಬ್ಯಾಟಿಂಗ್ ಕೇಂದ್ರಕ್ಕೂ. ಹುಡುಗ ಬಲಗೈಯವನಾದರೂ ಬ್ಯಾಟು ಹಿಡಿಸುವಾಗ ಎಡಗೈ ಆಟಗಾರನಂತೆ ನಿಲ್ಲಿಸಿ. ಹೊಡೆದವನು ಓಡಿ ಮುಟ್ಟಬೇಕಾದ ಮೊದಲ ಬೇಸ್ ಅಲ್ಲಿಂದ ಒಂದೆರಡು ಹೆಜ್ಜೆ ಹತ್ತಿರ. ಇಪ್ಪತ್ತೇಳು ಮೀಟರಿನ ಓಟದಲ್ಲಿ ಎರಡು ಹೆಜ್ಜೆ ಎಂದರೆ ಹೊಟ್ಟೆಪಾಡು.

ಎಚ್ಚರಿಕೆ: ಇದೆಲ್ಲ ಮೋಜಿನ ಆಟವಾಗಿತ್ತು ಎನ್ನುತ್ತಾರೆ ಅಪ್ಪ. ಬಹುಪಾಲು ಹಿಂಸೆಯೇ ಆಗಿತ್ತು ಎಂಬ ಅರ್ಥದಲ್ಲಿ ಮಾತಾಡಿದ್ದಾನೆ ಮಗ. ಎರಡೂ ಹೇಳಿಕೆ ಕಡತದಲ್ಲಿವೆ; ಕಂಪನಿ ಯಾವುದಕ್ಕೂ ಸಹಿ ಹಾಕಿಲ್ಲ.

3. ಮೊದಲ ಬಾರಿ ಚಾಲೂ ಮಾಡುವಾಗ

1991ರಲ್ಲಿ ಜಪಾನಿನ ತಂಡಗಳು ಹೊಸ ಆಟಗಾರರನ್ನು ಆರಿಸುವಾಗ ಓರಿಕ್ಸ್ ತಂಡ ಇವನನ್ನು ಎತ್ತಿಕೊಂಡದ್ದು ನಾಲ್ಕನೇ ಸುತ್ತಿನಲ್ಲಿ. ಚೆಂಡು ಬರುವಾಗ ಮುಂಗಾಲನ್ನು ಲೋಲಕದಂತೆ ತೂಗಿ ಹೊಡೆಯುವ ಈತನ ರೀತಿ ಮ್ಯಾನೇಜರ್ ಶೋಝೊ ದೊಯಿಗೆ ಸರಿಬರಲಿಲ್ಲ. ಎರಡು ವರ್ಷದ ಬಹುಪಾಲು ಎರಡನೇ ತಂಡದಲ್ಲೇ ಕಳೆಯಿತು. 1994ರಲ್ಲಿ ಮ್ಯಾನೇಜರಾಗಿ ಬಂದ ಅಕಿರಾ ಓಗಿ ಲೋಲಕವನ್ನು ಅದರ ಪಾಡಿಗೆ ಬಿಟ್ಟರು, ಹೆಸರನ್ನಷ್ಟೇ ರಿಪೇರಿ ಮಾಡಿದರು. ಇವನ ಮನೆತನದ ಹೆಸರು ಸುಝುಕಿ; ಜಪಾನಿನಲ್ಲಿ ಸುಝುಕಿಗಳು ಬೀದಿಗೆ ಹತ್ತು ಜನ. ಅಂಗಿಯ ಬೆನ್ನಿಗೆ ‘ಇಚಿರೊ’ ಎಂದು ಬರೆಸಿದರು. ಆ ವರ್ಷ 130 ಪಂದ್ಯಗಳಲ್ಲಿ 210 ಹಿಟ್, ಎಂದರೆ ಅಷ್ಟು ಸಲ ಚೆಂಡು ಹೊಡೆದು ಔಟಾಗದೆ ಬೇಸ್ ಮುಟ್ಟಿದ. ಅಲ್ಲಿ ಒಂದೇ ಋತುವಿನಲ್ಲಿ ಇನ್ನೂರು ಮುಟ್ಟಿದವರು ಅದುವರೆಗೆ ಯಾರೂ ಇರಲಿಲ್ಲ.

ಸೂಚನೆ: ತಿರುಪುಳಿಯನ್ನು ಮ್ಯಾನೇಜರರ ಕೈಗೆ ಸಿಗದಂತೆ ಇಡಿ.

4. ರಫ್ತು

2000ದಲ್ಲಿ ಸಿಯಾಟಲ್ ಮ್ಯಾರಿನರ್ಸ್ ತಂಡ ಬರೀ ಮಾತುಕತೆಯ ಹಕ್ಕಿಗೆ ಸುಮಾರು 1 ಕೋಟಿ 31 ಲಕ್ಷ ಡಾಲರ್ ತೆತ್ತಿತು. ಸಂಬಳದ ಮಾತು ಆಮೇಲಿನದು. ಮರುವರ್ಷ ಅಮೆರಿಕನ್ ಲೀಗಿನ ಅತ್ಯುತ್ತಮ ಹೊಸಬ, ಅತ್ಯಮೂಲ್ಯ ಆಟಗಾರ ಎರಡೂ ಇವನೇ. ಸಾಗಣೆಯಲ್ಲಿ ಹಾನಿಯಾಗಿಲ್ಲ.

5. ದಿನನಿತ್ಯದ ಬಳಕೆ

ಬ್ಯಾಟುಗಳನ್ನು ತೇವ ತಾಗದ ವಿಶೇಷ ಪೆಟ್ಟಿಗೆಯಲ್ಲಿಡಿ. ಒದ್ದೆ ಮರ ಭಾರವಾಗುತ್ತದೆ. ಗ್ಲೌಸನ್ನು ಅವನೇ ಒರೆಸಿಕೊಳ್ಳಲಿ, ಆಳಿಗೆ ಕೊಡಬೇಡಿ. ಹೊಡೆಯಲು ನಿಂತಾಗ ಅವನು ಬಲಗೈ ಚಾಚಿ ಬ್ಯಾಟನ್ನು ದೀಪದ ಕಂಬದಂತೆ ನೆಟ್ಟಗೆ ಹಿಡಿದು, ಎಡಗೈಯಿಂದ ಭುಜದ ಬಳಿ ಅಂಗಿಯ ತೋಳನ್ನು ಮೆಲ್ಲಗೆ ಎಳೆದುಕೊಳ್ಳುತ್ತಾನೆ. ಅಂಗಿ ಬಿಗಿಯಾಗಿಲ್ಲ, ದರ್ಜಿಯನ್ನು ಕರೆಸಬೇಡಿ. ಸಾವಿರಾರು ಸಲ ಹೀಗೇ ಮಾಡುತ್ತಾನೆ.

ಇಂಧನ: ಸಿಯಾಟಲ್‌ನಲ್ಲಿ ವರ್ಷಗಟ್ಟಲೆ ಮನೆಯಲ್ಲಿ ಮಾಡಿದ ಕರಿ. ನಮ್ಮ ಸಾಂಬಾರು ಹಾಕಿ ಪರೀಕ್ಷಿಸಿಲ್ಲ. ಹಾಕಿದರೆ ಹೊಣೆ ನಿಮ್ಮದು.

6. ಸಾಮಾನ್ಯ ದೂರುಗಳು

‘ಹತ್ತು ಸಲ ಒತ್ತಿದರೆ ಆರೇಳು ಸಲ ಕೆಲಸವೇ ಮಾಡುವುದಿಲ್ಲ.’

ಇದು ದೋಷವಲ್ಲ. 2004ರಲ್ಲಿ ಈತ 262 ಹಿಟ್ ಹೊಡೆದು, 1920ರಿಂದ ಅಲುಗದೆ ಕೂತಿದ್ದ ಜಾರ್ಜ್ ಸಿಸ್ಲರ್‌ರ 257ರ ದಾಖಲೆ ಮುರಿದ. ಒಂದು ಋತುವಿನಲ್ಲಿ ಅದಕ್ಕಿಂತ ಹೆಚ್ಚು ಹೊಡೆದವರಿಲ್ಲ. ಅದಕ್ಕೆ ಹಿಡಿದ ಲೆಕ್ಕದ ಸರದಿಗಳು 704. ಕಳೆದು ನೋಡಿ: 442 ಸಲ ಬರಿಗೈ. ಹತ್ತರಲ್ಲಿ ಆರು ಸಲ ಹತ್ತಿಕೊಳ್ಳದ ಗ್ಯಾಸ್ ಒಲೆಯನ್ನು ಯಾವ ಮನೆಯವರೂ ಇಟ್ಟುಕೊಳ್ಳುವುದಿಲ್ಲ. ಈ ಆಟದಲ್ಲಿ ಅದಕ್ಕೆ ಹಾರ ಹಾಕುತ್ತಾರೆ. ಅಮೆರಿಕದಲ್ಲಿ ಒಟ್ಟು 3,089 ಹಿಟ್. ಹಿಟ್ ಸಿಗದೆ ಮುಗಿದವು 6,845. ಬ್ಯಾಟಿನ ಪೆಟ್ಟಿಗೆ, ಗ್ಲೌಸಿನ ಎಣ್ಣೆ, ತೋಳೆಳೆಯುವ ಶಾಸ್ತ್ರ ಎಲ್ಲ ಇರುವುದು ಈ ಎರಡನೇ ಸಂಖ್ಯೆಗಾಗಿ. ಬರಿಗೈಲಿ ಮರಳಿದವನು ಮುಂದಿನ ಸಲ ಏನೂ ಆಗದವನಂತೆ ಬಂದು ನಿಲ್ಲಬೇಕಲ್ಲ.

7. ವಾರಂಟಿ

2001ರಿಂದ 2010ರವರೆಗೆ ಪ್ರತಿ ವರ್ಷ ಇನ್ನೂರಕ್ಕೆ ಕಡಿಮೆಯಿಲ್ಲದ ಹಿಟ್. ಆಮೇಲೆ ಸವಕಳಿ ಸಹಜ. ಆದರೂ 42ನೇ ವಯಸ್ಸಿನಲ್ಲಿ, 2016ರಲ್ಲಿ, ಅಮೆರಿಕದ ಹಿಟ್‌ಗಳ ಲೆಕ್ಕ ಮೂರು ಸಾವಿರ ಮುಟ್ಟಿತು. 2025ರಲ್ಲಿ ಕೂಪರ್ಸ್‌ಟೌನ್‌ನಲ್ಲಿರುವ ಬೇಸ್‌ಬಾಲ್ ಕೀರ್ತಿಭವನಕ್ಕೆ ಆರಿಸುವಾಗ 394 ಪತ್ರಕರ್ತರಲ್ಲಿ 393 ಮಂದಿ ಒಪ್ಪಿದರು. ಉಳಿದ ಒಬ್ಬರನ್ನು ಊಟಕ್ಕೆ ಕರೆದಿದ್ದ ಇಚಿರೊ, ಅಲ್ಲಿನ ಸಮಾರಂಭದಲ್ಲಿ ಆ ಕರೆಯೋಲೆಯ ಅವಧಿ ಮುಗಿಯಿತೆಂದು ನಗುತ್ತ ಸಾರಿದ. ಕರಿ ಮಾಡಿಟ್ಟು ಎಷ್ಟು ದಿನ ಕಾಯುವುದು?

8. ಬಂದ್ ಮಾಡುವ ವಿಧಾನ

ಒಡೆಯರು ಮಾಡಬೇಕಾದ್ದೇನಿಲ್ಲ. ತಾನಾಗಿಯೇ ನಿಲ್ಲುತ್ತದೆ. 21 ಮಾರ್ಚ್ 2019, ಟೋಕಿಯೊ ಡೋಮ್, ವಯಸ್ಸು 45. ಕೊನೆಯ ಸರದಿಯಲ್ಲಿ ಚೆಂಡು ನೆಲಕ್ಕೆ ಬಡಿದು ಶಾರ್ಟ್‌ಸ್ಟಾಪ್ ಎಂಬ ಜಾಗದ ಆಟಗಾರನ ಕಡೆ ಉರುಳಿತು. ಅಪ್ಪ ಉಳಿಸಿಕೊಟ್ಟಿದ್ದ ಎರಡು ಹೆಜ್ಜೆಯನ್ನು ನಂಬಿ ಅವನು ಏಳು ವರ್ಷದವನಂತೆ ಓಡಿದ. ಕೂದಲೆಳೆಯಲ್ಲಿ ತಪ್ಪಿತು. ಔಟ್.

ಇದು ದೋಷವಲ್ಲ.