ಒಂದು ಬ್ಯಾಕ್ ಜಾಸ್ತಿ

ಮೇರಿಲ್ಯಾಂಡಿನಲ್ಲಿ ಮನೆ ಕೊಂಡಾಗ ಗೃಹಪ್ರವೇಶಕ್ಕೆ 40 ಮನೆಗಳಿಗೆ ಇಮೇಲ್ ಕಳಿಸಿದ್ದೆ. ಎಷ್ಟು ಎಲೆ ಹಾಕಿಸಬೇಕೆಂದು ಗೊತ್ತಾಗಲಿ ಅಂತ ಕೊನೆಗೆ 'ಕೈಂಡ್ಲಿ ರಿವರ್ಟ್ ಬ್ಯಾಕ್' ಎಂದು ಸೇರಿಸಿದ್ದೆ. 39 ಮನೆಯವರು ಅಭಿನಂದನೆ ತಿಳಿಸಿದರು. ನಲವತ್ತನೆಯವರು ಬರೆದದ್ದು ಇಷ್ಟೇ: 'ಒಂದು ಬ್ಯಾಕ್ ಜಾಸ್ತಿ. ಬರ್ತೀವಿ.'

ಹೇಳಿದಂತೆ ಬಂದರು. ಪುರೋಹಿತರಿಗಿಂತ ಮೊದಲೇ ಬಂದರು. ಒಲೆಯ ಮೇಲೆ ಹಾಲು ಉಕ್ಕುವುದನ್ನು ಎಲ್ಲರೂ ಕಾಯುತ್ತಿರುವಾಗ ನನ್ನನ್ನು ಮೂಲೆಗೆ ಕರೆದು, "ರಿವರ್ಟ್ ಅಂದ್ರೇನೇ ಹಿಂದಕ್ಕೆ ಹೋಗೋದು. ಅದರ ಮೇಲೆ ಇನ್ನೊಂದು ಬ್ಯಾಕು. ನೀವು ನನ್ನ ಮನೆಗೆ ಬನ್ನಿ ಅಂದ್ರೋ, ಹಾಸನಕ್ಕೆ ವಾಪಸ್ ಹೋಗಿ ಅಂದ್ರೋ?" ಎಂದರು. ಆ 'ಹಾ' ಎಷ್ಟು ಜೋರಾಗಿತ್ತೆಂದರೆ ದೇವರ ಮುಂದಿನ ದೀಪ ಒಮ್ಮೆ ಅಲುಗಿತು. ಅವರ ಹಕಾರವೆಲ್ಲ ಹಾಗೆಯೇ. ಹಣ್ಣು, ಹೂವು, ಹೆಂಡತಿ ಎಲ್ಲವೂ ಹೊಟ್ಟೆಯ ಆಳದಿಂದ ಬರುತ್ತವೆ. ಅವರೆದುರು ಮೇಣದ ಬತ್ತಿ ಹಚ್ಚಿಡಬಾರದು ಎಂದು ನಾವು ಹಿಂದಿನಿಂದ ನಗುತ್ತಿದ್ದೆವು.

ವಾಷಿಂಗ್ಟನ್ನಿನ ಕಾವೇರಿ ಕನ್ನಡ ಸಂಘವಿರಲಿ, ಅಟ್ಲಾಂಟದ ನೃಪತುಂಗ ಕನ್ನಡ ಕೂಟವಿರಲಿ, ಕನ್ನಡಿಗರು ನಾಲ್ಕು ಜನ ಸೇರಿದ ಕಡೆ ಇಂಥವರು ಒಬ್ಬರು ಇದ್ದೇ ಇರುತ್ತಾರೆ. ಹೋಟೆಲಿಗೆ ಹೋದರೆ ಮೆನುವಿನಲ್ಲಿ ತಿಂಡಿ ಹುಡುಕುವುದಿಲ್ಲ, ಕಾಗುಣಿತ ಹುಡುಕುತ್ತಾರೆ. ಶ್ರದ್ಧಾಂಜಲಿ ಸಂದೇಶದಲ್ಲೂ ಅಪಾಸ್ಟ್ರಫಿ ಎಣಿಸುತ್ತಾರೆ. ವೇದಿಕೆಯ ಮೇಲೆ ಯಾರಾದರೂ 'ಮೈಸೆಲ್ಫ್ ರಮೇಶ್' ಎಂದರೆ ಮೂರನೇ ಸಾಲಿನಲ್ಲಿ ಒಂದು ತಲೆ ನಿಧಾನವಾಗಿ ಕೆಳಗೆ ಬಾಗುತ್ತದೆ. ನಮ್ಮ ಪಾಲಿಗೆ ಬಂದವರನ್ನು ಮಕ್ಕಳು ಎರರ್ ಅಂಕಲ್ ಎನ್ನುತ್ತಿದ್ದರು. ನಾವು ಎದುರಿಗೆ ಸಾರ್ ಎನ್ನುತ್ತಿದ್ದೆವು.

ವೃತ್ತಿಯಿಂದ ಸಾಫ್ಟ್‌ವೇರಿನವರು, ಅಲ್ಲಿಯೂ ತಪ್ಪು ಹುಡುಕುವ ಟೆಸ್ಟಿಂಗ್ ಕೆಲಸವೇ. ಶನಿವಾರ ಬೆಳಿಗ್ಗೆ ಮಾತ್ರ ಅವರ ಬೇಸ್‌ಮೆಂಟ್ ಶಾಲೆಯಾಗುತ್ತಿತ್ತು. 2005ರಲ್ಲಿ ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆಗೆ ರೈಟಿಂಗ್ ವಿಭಾಗ ಸೇರಿದಾಗ ಅದರಲ್ಲಿ ತಪ್ಪು ಗುರುತಿಸುವ 18 ಪ್ರಶ್ನೆಗಳು ಬಂದವು. ಒಂದು ವಾಕ್ಯ, ನಾಲ್ಕು ಕಡೆ ಅಡಿಗೆರೆ, ಎ ಬಿ ಸಿ ಡಿ; ಐದನೆಯದು 'ನೋ ಎರರ್'. ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಊರಿನಲ್ಲಿ ಬ್ಯಾಂಕ್ ಪರೀಕ್ಷೆ ಕಟ್ಟಿದವರಿಗೆ ಇದು ಹಳೆಯ ಗೆಳೆಯನೇ ಕೋಟು ಹಾಕಿಕೊಂಡು ಬಂದಂತೆ. ಅವರು ರೆನ್ ಅಂಡ್ ಮಾರ್ಟಿನ್ ಪುಸ್ತಕದ ಧೂಳು ಕೊಡವಿದರು, ನಾವು ಮಕ್ಕಳನ್ನು ಕಳಿಸಿದೆವು.

ಪಾಠ ಚೆನ್ನಾಗಿಯೇ ಇತ್ತು, ಒಪ್ಪಬೇಕು. ಬೋರ್ಡಿನ ಮೇಲೆ 'ದಿ ಬಾಕ್ಸ್ ಆಫ್ ರೈಪ್ ಮ್ಯಾಂಗೋಸ್ ಆರ್ ಆನ್ ದಿ ಟೇಬಲ್' ಎಂದು ಬರೆಯುತ್ತಿದ್ದರು. "ಕರ್ತೃ ಗಂಡ, ಕ್ರಿಯಾಪದ ಹೆಂಡತಿ. ಮಧ್ಯೆ ಬಂದು ಕೂತಿರೋ ಮಾವಿನಹಣ್ಣುಗಳು ನೆಂಟರು. ನೆಂಟರನ್ನ ಹೊರಗೆ ಕಳಿಸಿ, ಆಮೇಲೆ ಗಂಡ ಹೆಂಡತಿ ಹೊಂದ್ಕೊಂಡಿದ್ದಾರಾ ನೋಡಿ." ಬಾಕ್ಸ್ ಒಂದೇ, ಆದ್ದರಿಂದ 'ಈಸ್'. ನಾವೇಕೆ 'ಡಿಸ್ಕಸ್ ಅಬೌಟ್' ಎನ್ನುತ್ತೇವೆ? ನಮ್ಮ ತಲೆಯಲ್ಲಿ 'ಅದರ ಬಗ್ಗೆ ಚರ್ಚೆ' ಇದೆ. ಆ 'ಬಗ್ಗೆ' ವೀಸಾ ಇಲ್ಲದೆ ಜೊತೆಗೆ ಬಂದುಬಿಡುತ್ತದೆ. 'ಒನ್ ಆಫ್ ಮೈ ಫ್ರೆಂಡ್' ಏಕೆ? 'ನನ್ನ ಗೆಳೆಯನೊಬ್ಬ' ಎಂಬಲ್ಲಿ ಗೆಳೆಯ ಒಬ್ಬನೇ ಇದ್ದಾನೆ. ಇಂಗ್ಲಿಷಿನವನು ಮೊದಲು ಗೆಳೆಯರನ್ನೆಲ್ಲ ಸಾಲಾಗಿ ನಿಲ್ಲಿಸಿ ಅವರಲ್ಲೊಬ್ಬನನ್ನು ಎಳೆಯುತ್ತಾನೆ. ಇಲ್ಲೇ ಹುಟ್ಟಿದ ಮಕ್ಕಳು ಈ ತಪ್ಪುಗಳನ್ನು ಮಾಡುತ್ತಲೇ ಇರಲಿಲ್ಲ. ಕರೆದೊಯ್ಯಲು ಬಂದು ಮೆಟ್ಟಿಲ ಮೇಲೆ ಕಾಯುತ್ತಿದ್ದ ಅಪ್ಪಂದಿರು ಮಾತ್ರ ತಲೆ ತಗ್ಗಿಸಿ ಕಲಿಯುತ್ತಿದ್ದೆವು.

ಒಂದೇ ತೊಂದರೆ. ಐದನೆಯ ಉತ್ತರವನ್ನು ಅವರು ನಂಬುತ್ತಿರಲಿಲ್ಲ. ನನ್ನ ಮಗಳು 'ನೋ ಎರರ್' ಎಂದು ಗುರುತು ಹಾಕಿದರೆ, "ಇನ್ನೊಂದ್ಸಲ ನೋಡಮ್ಮ, ಎಲ್ಲೋ ಇರುತ್ತೆ" ಎನ್ನುತ್ತಿದ್ದರು. ಸರಿಯುತ್ತರಗಳ ಪಟ್ಟಿಯಲ್ಲೂ ಹಾಗೆಯೇ ಇದೆ ಎಂದು ತೋರಿಸಿದರೆ, ತಮ್ಮ ಬ್ರಹ್ಮಾಸ್ತ್ರ ತೆಗೆಯುತ್ತಿದ್ದರು: ಪ್ಲಾಸ್ಟಿಕ್ ಹಾಳೆಯೊಳಗೆ ಜೋಪಾನವಾಗಿಟ್ಟ ಪತ್ರಿಕೆಯ ತುಂಡು.

ಅದು ನಮ್ಮ ಪಕ್ಕದ ಊರಿನಲ್ಲೇ ನಡೆದ ಕಥೆ. ಎಸ್‌ಎಟಿಗೆ ತಾಲೀಮಿನಂತಿರುವ ಪಿಎಸ್‌ಎಟಿಯ 2002ರ ಅಕ್ಟೋಬರ್‌ ಪರೀಕ್ಷೆಯಲ್ಲಿ ಟೋನಿ ಮಾರಿಸನ್ ಕುರಿತು ಒಂದು ವಾಕ್ಯವಿತ್ತು: ಮಾರಿಸನ್ನರ ಪ್ರತಿಭೆ ಅವರಿಂದ ಇಂಥಿಂಥ ಕಾದಂಬರಿಗಳನ್ನು ಬರೆಸುತ್ತದೆ ಎಂಬ ಅರ್ಥದ್ದು. ಸರಿಯುತ್ತರ 'ನೋ ಎರರ್'. ಮೇರಿಲ್ಯಾಂಡಿನ ಮಾಂಟ್ಗೊಮೆರಿ ಕೌಂಟಿಯಲ್ಲಿ ಪತ್ರಿಕೋದ್ಯಮ ಕಲಿಸುತ್ತಿದ್ದ ಹೈಸ್ಕೂಲ್ ಮೇಷ್ಟ್ರು ಕೆವಿನ್ ಕೀಗನ್ ಇದನ್ನು ಒಪ್ಪಲಿಲ್ಲ. 'ಮಾರಿಸನ್ಸ್' ಎಂಬ ಷಷ್ಠಿ ವಿಶೇಷಣದಂತೆ ಕೆಲಸ ಮಾಡುತ್ತದೆ. 'ಹರ್' ಎಂಬ ಸರ್ವನಾಮ ಹಿಡಿದುಕೊಳ್ಳಲು ವಾಕ್ಯದಲ್ಲಿ ನಾಮಪದವೇ ಇಲ್ಲ ಎಂದರು. ಪರೀಕ್ಷೆ ನಡೆಸುವವರು ಮೊದಲು ಕಿವಿಗೊಡಲಿಲ್ಲ. ಮೇಷ್ಟ್ರು ಬಿಡಲಿಲ್ಲ. 2003ರಲ್ಲಿ ಆ ಪ್ರಶ್ನೆಯನ್ನೇ ಕೈಬಿಟ್ಟು ಅಂಕಗಳನ್ನು ಮತ್ತೆ ಲೆಕ್ಕ ಹಾಕಿದರು. ನಮ್ಮ ಸಾರ್ ಈ ಭಾಗ ಓದುವಾಗ ಕನ್ನಡಕ ತೆಗೆದು ಒರೆಸುತ್ತಿದ್ದರು. ಎಷ್ಟೋ ವ್ಯಾಕರಣ ಪಂಡಿತರು ಆ ವಾಕ್ಯದಲ್ಲಿ ತಪ್ಪಿಲ್ಲ ಎಂದದ್ದೂ ಉಂಟು, ಕನ್ನಡದಲ್ಲಾದರೆ ಆ ಸರ್ವನಾಮ ಬಿಟ್ಟರೂ 'ಬರೆಸುತ್ತದೆ' ಎಂಬ ಒಂದು ಕ್ರಿಯಾಪದ ಎಲ್ಲವನ್ನೂ ಹೊತ್ತುಕೊಳ್ಳುತ್ತದೆ ಎಂದು ನಾನು ಒಮ್ಮೆ ಬಾಯಿ ಹಾಕಿದೆ. ಆ ವಾರ ನಮಗೆ ಕಾಫಿ ಬರಲಿಲ್ಲ.

ನಿಜವಾಗಿ ನಾನು ನರಳಿದ್ದು ನನ್ನ ಅತ್ತೆ ಮಾವ ತುಮಕೂರಿನಿಂದ ಬಂದ ಬೇಸಿಗೆಯಲ್ಲಿ. ನನಗೆ ಆಫೀಸಿನಲ್ಲಿ ರಜೆ ಒಂದೇ ದಿನ. "ವಾಷಿಂಗ್ಟನ್ ತೋರಿಸೋಕೆ ನಾನೂ ಬರ್ತೀನಿ" ಎಂದು ಸಾರ್ ತಾವಾಗಿಯೇ ಹೊರಟಾಗ ಎಷ್ಟು ಒಳ್ಳೆಯವರಪ್ಪ ಎಂದುಕೊಂಡೆ.

ಲಿಂಕನ್ ಸ್ಮಾರಕಕ್ಕೆ ಕೊಳದ ಕಡೆಯಿಂದ 87 ಮೆಟ್ಟಿಲು. ಮಂಡಿ ನೋವಿನ ಮಾವನವರು ಏದುಸಿರು ಬಿಡುತ್ತ ಹತ್ತಿ, ಎದುರಿಗೆ ಕೂತ ಲಿಂಕನ್ನರಿಗೆ ಕೈ ಮುಗಿಯುವಷ್ಟರಲ್ಲಿ ಸಾರ್ ಅವರನ್ನು ಉತ್ತರದ ಗೋಡೆಗೆ ತಿರುಗಿಸಿದರು. ಲಿಂಕನ್ನರ ಎರಡನೇ ಪ್ರಮಾಣವಚನದ ಭಾಷಣವನ್ನು ಅಲ್ಲಿ ಕೆತ್ತಿದ್ದಾರೆ. 'ಫ್ಯೂಚರ್' ಎಂಬ ಪದದಲ್ಲಿ ಶಿಲ್ಪಿ ಎಫ್ ಬದಲು ಇ ಕೆತ್ತಿದ್ದ. ಆಮೇಲೆ ಕೆಳಗೆರೆಯನ್ನು ತುಂಬಿ ಮುಚ್ಚಿದರೂ ಗಾಯದ ಗುರುತು ಉಳಿದಿದೆ. ಸಾರ್ ಬೆರಳು ತೋರಿಸುತ್ತ ಹತ್ತು ನಿಮಿಷ ನಿಂತರು. ಅಲ್ಲಿಂದ ಜೆಫರ್ಸನ್ ಸ್ಮಾರಕ. ಸ್ವಾತಂತ್ರ್ಯ ಘೋಷಣೆಯ ಮೂಲಪ್ರತಿಯಲ್ಲಿ 'ಅನ್‌ಏಲಿಯನಬಲ್' ಎಂದಿದೆ, ಈ ಗೋಡೆಯ ಮೇಲೆ 'ಇನ್‌ಏಲಿಯನಬಲ್' ಎಂದಿದೆ. ಅತ್ತೆಯವರು, "ಎರಡಕ್ಕೂ ಅರ್ಥ ಒಂದೇ ತಾನೆ?" ಎಂದು ಕೇಳಿ ಪೇಚಿಗೆ ಸಿಕ್ಕಿಕೊಂಡರು.

ಕೊನೆಗೆ ನ್ಯಾಷನಲ್ ಆರ್ಕೈವ್ಸ್. ಹೊರಗೆ ಉದ್ದದ ಸರದಿ, ಒಳಗೆ ಮಬ್ಬು ಬೆಳಕು. ಗಾಜಿನಡಿ 1787ರ ಸಂವಿಧಾನದ ನಾಲ್ಕು ಚರ್ಮದ ಹಾಳೆಗಳು. ಜನ ಭಕ್ತಿಯಿಂದ ಮೊದಲ ಹಾಳೆಯ ದೊಡ್ಡಕ್ಷರಗಳನ್ನು ನೋಡುತ್ತಿದ್ದರೆ ಸಾರ್ ಎರಡನೆಯದರ ಗಾಜಿಗೆ ಮೂಗು ತಾಗಿಸಿದ್ದರು. ಒಂದನೇ ವಿಧಿಯ ಹತ್ತನೇ ವಿಭಾಗದಲ್ಲಿ, ರಾಜ್ಯವು ತನ್ನ ತಪಾಸಣೆ ಕಾನೂನುಗಳನ್ನು ನಡೆಸುವ ಕುರಿತ ಸಾಲಿನಲ್ಲಿ, 'ಇಟ್ಸ್'ಗೆ ಅಪಾಸ್ಟ್ರಫಿ ಇದೆ. "ಶಾಲೆ ಮಕ್ಕಳು ಮಾಡೋ ತಪ್ಪು!" ಎಂದು ಪಿಸುಗುಟ್ಟಿದರು. ಪಿಸುಮಾತಾದರೂ ಕಾವಲಿನವನು ತಿರುಗಿ ನೋಡಿದ. ಆ ಕಾಲದಲ್ಲಿ ಹಾಗೂ ಬರೆಯುತ್ತಿದ್ದರು ಎಂದೆ. ಕೇಳಲಿಲ್ಲ. ಇಡೀ ಸಂವಿಧಾನವನ್ನು ಅಂದವಾಗಿ ಬರೆದುಕೊಟ್ಟ ಗುಮಾಸ್ತ ಜೇಕಬ್ ಶಾಲಸ್‌ಗೆ ಸಿಕ್ಕಿದ್ದು 30 ಡಾಲರ್ ಎಂದೆ. "30 ಡಾಲರಿಗೆ ಇನ್ನೇನು ಬರುತ್ತೆ" ಎಂದು ಸ್ವಲ್ಪ ಮೆತ್ತಗಾದರು. ಅಷ್ಟರಲ್ಲಿ ನಾಲ್ಕನೇ ಹಾಳೆ ಕಣ್ಣಿಗೆ ಬಿತ್ತು. ಸಹಿಗಳ ಪಕ್ಕದಲ್ಲಿ ಪೆನ್ಸಿಲ್ವೇನಿಯಾಕ್ಕೆ ಒಂದು ಎನ್ ಕಡಿಮೆ.

ಬೆಂಚಿನ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಿದ್ದ ಮಾವನವರು ಆಗ ಹೇಳಿದ್ದು ಒಂದೇ ಮಾತು: "ತಪ್ಪಿದ್ರೂ ದೇಶ ನಡ್ಕೊಂಡು ಬಂದಿದೆಯಲ್ಲ ಸ್ವಾಮಿ." ಸಾರ್ ಉತ್ತರಿಸಲಿಲ್ಲ. ಊರಿಗೆ ಮರಳಿದ ಮೇಲೆ ಮಾವನವರು ಎಲ್ಲರಿಗೂ ಹೇಳಿದರಂತೆ, ಅಮೆರಿಕದಲ್ಲಿ ನೋಡೋಕೆ ಬರೀ ಸ್ಪೆಲಿಂಗ್ ಮಿಸ್ಟೇಕ್ ಇವೆ ಎಂದು.

ರೋಗ ನನಗೂ ಅಂಟಿತು. ಅಂಗಡಿಯಲ್ಲಿ '10 ಐಟಮ್ಸ್ ಆರ್ ಲೆಸ್' ಎಂಬ ಫಲಕದ ಕೆಳಗೆ ನಿಂತು, 'ಫ್ಯೂಯರ್' ಅಲ್ಲವೇ ಇರಬೇಕಾದದ್ದು ಎಂದು ಯೋಚಿಸುತ್ತಿದ್ದೆ. "ನಮ್ಮ ಹತ್ರ 14 ಇದೆ, ಪಕ್ಕದ ಸಾಲಿಗೆ ನಡೀರಿ" ಎಂದಳು ಹೆಂಡತಿ.

2012ರಲ್ಲಿ ಅಕ್ಕ ವಿಶ್ವ ಕನ್ನಡ ಸಮ್ಮೇಳನ ಅಟ್ಲಾಂಟದಲ್ಲಿ ನಡೆಯಿತು. ಸುಮಾರು 640 ಮೈಲಿ. ಪೆಟ್ರೋಲ್ ಖರ್ಚು ಹಂಚಿಕೊಳ್ಳೋಣ ಎಂದು ಸಾರ್ ನನ್ನ ಕಾರು ಹತ್ತಿದರು. ಪೀಟರ್ಸ್‌ಬರ್ಗಿನಲ್ಲಿ 85ನೇ ಹೆದ್ದಾರಿ ಹಿಡಿದು ಉತ್ತರ ಕ್ಯಾರೊಲಿನಾ ದಾಟುವವರೆಗೂ ಫಲಕಗಳ ತಿದ್ದುಪಡಿ ನಡೆದೇ ಇತ್ತು. ದಕ್ಷಿಣ ಕ್ಯಾರೊಲಿನಾದ ಗ್ಯಾಫ್ನಿಯಲ್ಲಿ 135 ಅಡಿ ಎತ್ತರಕ್ಕೆ ಪೀಚ್ ಹಣ್ಣಿನಾಕಾರದ ನೀರಿನ ಟ್ಯಾಂಕ್ ಕಂಡಾಗ ಮಾತ್ರ ಸುಮ್ಮನಾದರು. ಅದರ ಮೇಲೆ ಅಕ್ಷರಗಳೇ ಇಲ್ಲ.

ಮುಂದೆ ಒಂದು ಸಣ್ಣ ಹೋಟೆಲಿನಲ್ಲಿ ನಿಂತೆವು. ಸಾರ್ ಶುದ್ಧ ಸಸ್ಯಾಹಾರಿ. ಆಲೂಗಡ್ಡೆಯನ್ನು ಹಂದಿಯ ಕೊಬ್ಬು ಸೋಕದ ಬೇರೆ ಬಾಣಲೆಯಲ್ಲಿ ಹುರಿದು ಕೊಡಲಾದೀತೇ ಎಂದು, ಕರ್ತೃ ಕರ್ಮ ಕ್ರಿಯಾಪದ ಎಲ್ಲವೂ ಇಸ್ತ್ರಿ ಮಾಡಿದ ವಾಕ್ಯದಲ್ಲಿ ಕೇಳಿದರು. ಅರವತ್ತು ದಾಟಿದ ಹೆಂಗಸು. ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ, "ಐ ಮೈಟ್ ಕುಡ್ ಡೂ ದಟ್, ಹನಿ" ಎಂದು ಒಳಗೆ ಹೋದಳು.

ಮೈಟ್. ಕುಡ್. ಎರಡು ಸಹಾಯಕ ಕ್ರಿಯಾಪದಗಳು ಒಂದೇ ಮಂಚದ ಮೇಲೆ! ನಾನು ಮೇಜಿನ ಅಂಚು ಹಿಡಿದುಕೊಂಡೆ. ದಕ್ಷಿಣದ ಬೆಟ್ಟಸೀಮೆಯಲ್ಲಿ ಇದು ಮನೆಮಾತು, ಸ್ಕಾಟ್ಲೆಂಡ್, ಐರ್ಲೆಂಡಿನ ಕಡೆಯಿಂದ ಬಂದ ವಲಸಿಗರ ಬಳುವಳಿ ಎಂದು ಭಾಷಾಶಾಸ್ತ್ರಜ್ಞರು ಹೇಳುವುದನ್ನು ಓದಿದ್ದೆ. ಹೇಳಲು ಧೈರ್ಯ ಬರಲಿಲ್ಲ. ಸಾರ್ ಉಪ್ಪಿನ ಡಬ್ಬಿಯನ್ನು ತಿರುಗಿಸುತ್ತ ಕೂತಿದ್ದರು. ಆಲೂಗಡ್ಡೆ ಬಂತು. ಬೇರೆ ಬಾಣಲೆಯಲ್ಲೇ ಹುರಿದದ್ದು. ಎರಡು ತುತ್ತು ತಿಂದು ಹೇಳಿದರು:

"ಮಾಡ್ಬೋದೇನೋ."

"ಏನ್ ಸಾರ್?"

"ಆಯಮ್ಮ ಹೇಳಿದ್ದು. 'ಬೋದು' ಒಂದು, 'ಏನೋ' ಒಂದು. ನಮ್ಮವ್ವ ಹಿಂಗೇ ಅನ್ನೋಳು. ಆಗುತ್ತೆ ಅಂತ ಜಂಬ ಇಲ್ಲ, ಆಗಲ್ಲ ಅಂತ ಮುಖ ಮುರಿಯೋದೂ ಇಲ್ಲ."

ಜಾರ್ಜಿಯಾ ಗಡಿ ದಾಟುವಾಗ ಕತ್ತಲಾಗಿತ್ತು. ಕತ್ತಲಲ್ಲಿ ಗಂಡಸರು ಕಾರಿನೊಳಗೆ ಒಬ್ಬರ ಮುಖ ಒಬ್ಬರು ನೋಡದೆ ಏನನ್ನಾದರೂ ಹೇಳಿಕೊಳ್ಳಬಹುದು. ಬೆಂಗಳೂರಿನ ಕಾಲೇಜಿನ ಮೊದಲ ದಿನ, ಎಲ್ಲಿಂದ ಬಂದೆ ಎಂದು ಮೇಷ್ಟ್ರು ಕೇಳಿದಾಗ ಹದಿನೇಳು ವರ್ಷದ ಹುಡುಗ ಎದ್ದು ನಿಂತು, "ಆಸನದಿಂದ ಸಾರ್" ಎಂದಿದ್ದ. "ಯಾವ ಆಸನದಿಂದ ಎದ್ದು ಬಂದ್ಯಪ್ಪಾ? ಪದ್ಮಾಸನವೋ, ಶವಾಸನವೋ?" ಇಡೀ ತರಗತಿ ನಕ್ಕಿತು. ಮೂರು ವರ್ಷ ಅವನ ಹೆಸರು ಶವಾಸನ. ರಾತ್ರಿ ಹಾಸ್ಟೆಲಿನ ಕೋಣೆಯಲ್ಲಿ ಮೇಣದ ಬತ್ತಿ ಹಚ್ಚಿ, ಜ್ವಾಲೆ ಅಲುಗುವವರೆಗೆ ಹಣ್ಣು, ಹೂವು, ಹಾಸನ ಎಂದು ಅಭ್ಯಾಸ ಮಾಡುತ್ತಿದ್ದ. ಆಮೇಲೆ ಇಂಗ್ಲಿಷಿಗೆ ಇಳಿದ. ಅಲ್ಲಿ ಯಾರೂ ತನಗಿಂತ ಮೊದಲು ತಪ್ಪು ಕಂಡುಹಿಡಿಯಬಾರದು.

ನಾವು ಹಿಂದಿನಿಂದ ಆಡಿದ ಮೇಣದ ಬತ್ತಿಯ ನಗೆಚಾಟಿಕೆ ನೆನಪಾಗಿ, ರಸ್ತೆಯ ಮೇಲೆಯೇ ಕಣ್ಣಿಟ್ಟು ಕಾರು ಓಡಿಸಿದೆ.

2016ರಲ್ಲಿ ಎಸ್‌ಎಟಿ ಬದಲಾಯಿತು. ಆ 18 ಪ್ರಶ್ನೆಗಳೂ ಹೋದವು, ಕಾಲು ಅಂಕದ ಕಡಿತವೂ ಹೋಯಿತು. ಬೇಸ್‌ಮೆಂಟಿನಲ್ಲಿ ಈಗ ಟ್ರೆಡ್‌ಮಿಲ್ ಇದೆ. ನಮ್ಮ ಆಹ್ವಾನ ಪತ್ರಗಳನ್ನು ಯಂತ್ರಗಳು ಬರೆಯುತ್ತವೆ. ಒಂದು ಕಾಮಾ ಆಚೀಚೆಯಿಲ್ಲ. ಕಳೆದ ಯುಗಾದಿಗೆ ಹಾಗೊಂದು ನುಣ್ಣನೆಯ ಪತ್ರ ಕಳಿಸಿದ್ದೆ. ಅವರಿಂದ ಬಂದದ್ದು ಹೆಬ್ಬೆರಳಿನ ಚಿತ್ರ ಮಾತ್ರ. ಹಬ್ಬದ ಊಟದಲ್ಲಿ ಉಪ್ಪಿನಕಾಯಿ ಬಡಿಸುವುದು ಮರೆತಂತಾಯಿತು.

ಅದಕ್ಕೇ ಈ ಸಲ ಕೊನೆಗೆ 'ಕೈಂಡ್ಲಿ ರಿವರ್ಟ್ ಬ್ಯಾಕ್' ಎಂದು ನನ್ನ ಕೈಯಾರೆ ಸೇರಿಸಿದೆ. ಐದು ನಿಮಿಷಕ್ಕೆ ಫೋನ್ ಬಂತು.

"ಬೇಕಂತಲೇ ಹಾಕಿದ್ದೀಯ ಅಲ್ವಾ?"

"ಹೌದು ಸಾರ್."

"ಹಾಗಾದ್ರೆ ಅದು ಎರರ್ ಅಲ್ಲ, ಬಿಡು." ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ, "ಅಬ್ಬಕ್ಕೆ ಬರ್ತೀವಿ."

ಹಬ್ಬ ಎನ್ನಲಿಲ್ಲ, ಅಬ್ಬ ಎಂದರು. ಬಾಯಿ ತಪ್ಪಿ ಬಂತೋ, ಬೇಕಂತಲೇ ಅಂದರೋ. ನಾನು ತಿದ್ದಲಿಲ್ಲ, ಕೇಳಲೂ ಇಲ್ಲ.