ಬರೋ ವರ್ಷದ ಗೌಡ್ರು

ಬಿಕ್ಕೋಡು ಹೋಬಳಿಯಲ್ಲಿ ಗೌಡರಿಗೇನೂ ಬರವಿಲ್ಲ. ಹಾಗಾಗಿ ಒಬ್ಬೊಬ್ಬರಿಗೂ ಒಂದೊಂದು ಅಡ್ಡಹೆಸರು ಬೇಕೇ ಬೇಕು. ಜೀಪು ಗೌಡರಿದ್ದಾರೆ, ಮೆಣಸು ಗೌಡರಿದ್ದಾರೆ, ಪಂಚಾಯ್ತಿಗೆ ನಿಂತು ಸೋತ ಮೇಲೂ ಮೆಂಬರ್ ಗೌಡರೆಂದೇ ಕರೆಸಿಕೊಳ್ಳುವವರೂ ಇದ್ದಾರೆ. ನಾನೀಗ ಹೇಳುವುದು ಬರೋ ವರ್ಷದ ಗೌಡ್ರ ಸಮಾಚಾರ. ನಾಲ್ಕೆಕರೆ ರೋಬಸ್ಟಾ ಕಾಫಿ, ಸಿಲ್ವರ್ ಮರಕ್ಕೆ ಹಬ್ಬಿಸಿದ ಮೆಣಸು, ಒಂದು ನೀಲಿ ಜರ್ಸಿ: ಇಷ್ಟು ಅವರ ಆಸ್ತಿ. ಜರ್ಸಿಯ ಬೆನ್ನಿಗೆ 11 ಎಂದಿದೆ. ಫುಟ್‌ಬಾಲ್ ಆಟಗಾರ ಸುನಿಲ್ ಛೆಟ್ರಿಯ ನಂಬರು. ತೋಟದ ಆಳುಗಳು ಬಹಳ ದಿನ ಅದನ್ನು ಸರ್ವೆ ನಂಬರು ಎಂದುಕೊಂಡಿದ್ದರು.

ಊರಿಗೆ ಊರೇ ಕ್ರಿಕೆಟ್ಟಿನ ಆರ್‌ಸಿಬಿ ಎಂದರೆ ಇವರೊಬ್ಬರು ಫುಟ್‌ಬಾಲಿನ ಬೆಂಗಳೂರು ಎಫ್‌ಸಿ. ತಂಡ ಹುಟ್ಟಿದ 2013ರಲ್ಲಿ ಗೌಡರು ತಂಗಿಯ ಮನೆ ಗೃಹಪ್ರವೇಶಕ್ಕೆಂದು ಬೆಂಗಳೂರಿಗೆ ಹೋಗಿದ್ದರು. ಊಟವಾದ ಮೇಲೆ ಮಾವನಿಗೆ ಹೊತ್ತು ಹೋಗಲೆಂದು ಅಳಿಯ ಫುಟ್‌ಬಾಲ್ ಮ್ಯಾಚಿಗೆ ಕರೆದುಕೊಂಡು ಹೋದ. ತಂಡ ಮೊದಲನೇ ಸೀಸನ್ನಿನಲ್ಲೇ ಐ-ಲೀಗ್ ಗೆದ್ದುಬಿಟ್ಟಿತು. ಗೌಡರು ಕೆಟ್ಟಿದ್ದೇ ಅಲ್ಲಿ. ಮೊದಲ ಫಸಲಿಗೇ ಒಳ್ಳೆ ರೇಟು ಕಂಡವನು ಆಮೇಲೆ ಯಾರು ಹೇಳಿದರೂ ತೋಟ ಮಾರುವುದಿಲ್ಲ.

ಸೋಲನ್ನು ಅವರು ಸೋಲೆಂದು ಒಪ್ಪಿದ ದಾಖಲೆ ಇಲ್ಲ. 2016ರಲ್ಲಿ ತಂಡ ಎಎಫ್‌ಸಿ ಕಪ್ ಫೈನಲ್ ತಲುಪಿತು; ಅಲ್ಲಿಗೆ ಹೋದ ಮೊದಲ ಭಾರತೀಯ ತಂಡ. ದೋಹಾದಲ್ಲಿ ಇರಾಕಿನವರಿಗೆ 1-0ರಿಂದ ಸೋತಿತು. "ಇರಾಕಿನ ಏರ್‌ಫೋರ್ಸ್ ಟೀಮ್ ಕಣಯ್ಯಾ ಅದು! ವಿಮಾನ ಇಟ್ಕಂಡಿರೋರ ಎದ್ರಿಗೆ ಒಂದೇ ಗೋಲಲ್ಲಿ ಸೋತ್ವಿ ಅಂದ್ರೆ ಗೆದ್ದಂಗೇ ಲೆಕ್ಕ" ಎಂದರು ಗೌಡರು.

2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಮೈದಾನದಲ್ಲಿ ಕೇರಳ ಬ್ಲಾಸ್ಟರ್ಸ್ ಹುಡುಗರು ಗೋಡೆ ಕಟ್ಟಿ ನಿಲ್ಲುವ ಮೊದಲೇ ಛೆಟ್ರಿ ಫ್ರೀಕಿಕ್ ಒದ್ದು ಗೋಲು ಮಾಡಿದ. ಅನ್ಯಾಯವೆಂದು ಕೇರಳದವರು ಮೈದಾನ ಬಿಟ್ಟೇ ಹೊರಟುಹೋದರು. ದೇಶವೆಲ್ಲ ನಿಯಮದ ಪುಸ್ತಕ ಬಿಚ್ಚಿ ಕೂತಿತು. ಗೌಡರು ಚಹಾದಂಗಡಿಯಲ್ಲಿ ಒಂದೇ ಮಾತಿಗೆ ತೀರ್ಪು ಕೊಟ್ಟರು: "ನೀನು ಬೇಲಿ ಹಾಕೋಗಂಟ ಆನೆ ಕಾಯ್ತದಾ?" ಕಾಡಾನೆ ಕಾಟ ಬಲ್ಲ ಬಿಕ್ಕೋಡಿನಲ್ಲಿ ಇದಕ್ಕೆ ಮೇಲ್ಮನವಿ ಇಲ್ಲ. ಮಾರನೇ ದಿನವೇ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿ ಗೆದ್ದಿತು. ಗೌಡರು ಆ ವಾರವಿಡೀ ನೆಲದ ಮೇಲೆ ನಡೆದದ್ದನ್ನು ಕಂಡವರಿಲ್ಲ.

ಅವರ ಸಂಶೋಧನೆಗಳಲ್ಲಿ ಅತ್ಯಂತ ಗಹನವಾದದ್ದು ತಾರೀಖಿನದು. ತಂಡ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಗೆದ್ದದ್ದು 2019ರ ಮಾರ್ಚ್ 17ರಂದು, ಮುಂಬೈಯಲ್ಲಿ. ಗೋವಾ ವಿರುದ್ಧ 117ನೇ ನಿಮಿಷಕ್ಕೆ ರಾಹುಲ್ ಭೇಕೆ ತಲೆಯಿಂದ ಹೊಡೆದ ಒಂದೇ ಗೋಲು. 2023ರ ಫೈನಲ್ ಮಾರ್ಚ್ 18ಕ್ಕೆ ಇಟ್ಟರು, ತಂಡ ಪೆನಾಲ್ಟಿಯಲ್ಲಿ ಸೋತಿತು. "ಒಂದೇ ದಿನ ತಡ ಆಗೋಯ್ತು ನೋಡು." 2025ರದ್ದು ಏಪ್ರಿಲ್ 12ಕ್ಕೆ. ಮೋಹನ್ ಬಾಗಾನ್‌ನವರು ಪಾಪ, ತಮ್ಮ ಬಲೆಗೇ ಚೆಂಡು ಹಾಕಿಕೊಂಡು ನಮಗೆ ಮುನ್ನಡೆ ಕೊಟ್ಟರು. ಆದರೂ 2-1ರಿಂದ ಹೋಯಿತು. "ಕಾಫಿ ಹೂಮಳೆ ಟೈಮಲ್ಲಿ ಆಡೋ ಆಟಾನ ಆಮೇಲಿನ ಬ್ಯಾಕಿಂಗ್ ಮಳೆ ಟೈಮಿಗೆ ಇಟ್ರೆ ಕಾಯಿ ಕಟ್ತದೇನಯ್ಯಾ?" 2018ರಲ್ಲಿ ಸಾಕ್ಷಾತ್ ಮಾರ್ಚ್ 17ರಂದೇ, ಕಂಠೀರವದಲ್ಲೇ, ಚೆನ್ನೈಯಿನ್‌ಗೆ 3-2ರಿಂದ ಸೋತದ್ದನ್ನು ಯಾರಾದರೂ ನೆನಪಿಸಿದರೆ ಗೌಡರಿಗೆ ತಕ್ಷಣ ತೋಟದಲ್ಲಿ ಕೆಲಸ ನೆನಪಾಗುತ್ತದೆ.

ಮ್ಯಾಚಿಗೆ ಹೋಗುವುದೂ ಒಂದು ತೀರ್ಥಯಾತ್ರೆಯೇ. ಬೇಲೂರು, ಹಾಸನ ದಾಟಿ ಬೆಂಗಳೂರು ಸೇರಿ, ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಅಭಿಮಾನಿ ಬಳಗದ ಹುಡುಗರ ನಡುವೆ ನಿಂತು, ಪದ ಗೊತ್ತಿಲ್ಲದ ಹಾಡಿಗೆಲ್ಲ ಗಂಟಲು ಹರಿದುಕೊಂಡು, ರಾತ್ರಿ ಬಸ್ಸು ಹಿಡಿದು ಬೆಳಗ್ಗೆ ಊರಿಗಿಳಿಯುತ್ತಾರೆ. "ಗೆದ್ರಾ?" ಎಂದು ಹೆಂಡತಿ ಕೇಳುವುದಿಲ್ಲ. "ರೀ, ಗಂಟಲಿಗೆ ಮೆಣಸಿನ ಕಷಾಯ ಮಾಡ್ಲಾ?" ಎನ್ನುತ್ತಾರೆ. ಬೇಡವೆಂದರೆ ತಂಡ ಸೋತಿದೆ ಎಂದರ್ಥ. ಸೋತ ದಿನ ಗೌಡರು ಕೂಗುವುದಿಲ್ಲ, ಗೊಣಗುತ್ತಾರೆ.

ತಂಡದ ಭವಿಷ್ಯದ ನೀಲನಕ್ಷೆ ಅವರ ಬಳಿ ಸದಾ ಸಿದ್ಧ. ಇಂಗ್ಲೆಂಡಿನಿಂದ ವೆಸ್ಟ್‌ವುಡ್, ಸ್ಪೇನಿನಿಂದ ರೋಕಾ, ಕ್ವಾಡ್ರಾಟ್, ಜರ್ಮನಿಯಿಂದ ಪೆಝಾಯುವೊಲಿ, ಹೀಗೆ ಕೋಚುಗಳು ಬಂದುಹೋದರು. ಬಿಕ್ಕೋಡಿಗೆ ಮಾತ್ರ ಇನ್ನೂ ಫೋನ್ ಬಂದಿಲ್ಲ. ನಲವತ್ತು ದಾಟಿದ ಛೆಟ್ರಿಯ ಜಾಗಕ್ಕೆ ಯಾರು ಎಂಬ ಚಿಂತೆಯಂತೂ ಮಗಳ ಮದುವೆಯ ಚಿಂತೆಗಿಂತ ದೊಡ್ಡದು. ಶಾಲೆಯ ಮೈದಾನದಲ್ಲಿ ಕ್ರಿಕೆಟ್ ಆಡುವ ಹುಡುಗರ ಕಾಲನ್ನೇ ನೋಡುತ್ತಾ ನಿಲ್ಲುತ್ತಾರೆ. ಒಬ್ಬ ಹುಡುಗ ಫೀಲ್ಡಿಂಗ್ ಮಾಡುವಾಗ ಬಗ್ಗಲು ಸೋಮಾರಿತನವಾಗಿ ಚೆಂಡನ್ನು ಕಾಲಲ್ಲಿ ತಡೆದ. ಬಳ್ಳಾರಿ ಕಡೆ ವಿಜಯನಗರದಲ್ಲಿರುವ ತಂಡದ ಅಕಾಡೆಮಿಗೆ ಅವನನ್ನು ಸೇರಿಸಿಬಿಡು ಎಂದು ಗೌಡರು ಆ ಹುಡುಗನ ಅಪ್ಪನ ಮನೆಗೇ ಹೋಗಿ ಕೂತರು.

ಇಷ್ಟಾದರೂ ಊರು ಅವರನ್ನು ಹುಚ್ಚರೆನ್ನುವುದಿಲ್ಲ. ಎನ್ನುವ ಯೋಗ್ಯತೆ ಯಾರಿಗಿದೆ? ಹೂಮಳೆ ತಡವಾದರೆ ಮೊಗ್ಗು ಹೋಯಿತು, ಡಿಸೆಂಬರಿನಲ್ಲಿ ಮಳೆ ಸುರಿದರೆ ಕಣದ ಕಾಫಿ ನೆನೆಯಿತು. ಫಸಲಿದ್ದಾಗ ರೇಟಿಲ್ಲ, ರೇಟಿದ್ದಾಗ ಫಸಲಿಲ್ಲ. ಎರಡೂ ಇದ್ದ ವರ್ಷ ಆನೆ ಇದೆ. "ಬರೋ ವರ್ಷ ನೋಡಣ" ಎಂದು ಬ್ಯಾಂಕಿನವರಿಗೆ ಹೇಳದ ಬೆಳೆಗಾರ ಇಲ್ಲಿ ಸಿಗುವುದಿಲ್ಲ. ಗೌಡರು ಮಾಡಿದ್ದಿಷ್ಟೆ: ತೋಟದಲ್ಲಿ ಕಲಿತ ವಿದ್ಯೆಯನ್ನು ಮೈದಾನಕ್ಕೆ ಒಯ್ದರು.

2025ರ ಜೂನ್ 3ರ ರಾತ್ರಿ ಆರ್‌ಸಿಬಿ ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್ನಿಂದ ಸೋಲಿಸಿ, 18ನೇ ಸೀಸನ್ನಿಗೆ ಐಪಿಎಲ್ ಕಪ್ ಎತ್ತಿದಾಗ ಊರಲ್ಲಿ ಪಟಾಕಿಯೋ ಪಟಾಕಿ. ಜುಲೈನಲ್ಲಿ, ಟೂರ್ನಿ ನಡೆಸುವ ಹಕ್ಕಿನ ಕರಾರು ಮುಗಿಯುತ್ತಿದೆಯೆಂದು ಐಎಸ್‌ಎಲ್ ಅನ್ನೇ ತಡೆಹಿಡಿದ ಸುದ್ದಿ ಬಂತು. ಹುಡುಗರು ಚಹಾದಂಗಡಿಯಲ್ಲಿ ಗೌಡರನ್ನು ಸುತ್ತುವರಿದರು. "ನಮ್ದಾಯ್ತು ಗೌಡ್ರೇ. ನಿಮ್ದು ಆಟಾನೇ ಇಲ್ವಂತಲ್ಲಾ?"

"ಆಡ್ದೇ ಇದ್ರೆ ನಮ್ಮನ್ನ ಸೋಲ್ಸೋನ್ಯಾರ್ಲಾ?" ಎಂದರು ಗೌಡರು. ಆಮೇಲೆ ಹುಡುಗರನ್ನು ನಿಜವಾದ ಮರುಕದಿಂದ ನೋಡಿದರು. "ಪಾಪ, ನಿಮ್ ಗತಿ ನೆನೆಸ್ಕಂಡ್ರೆ ನಂಗೆ ಬೇಜಾರು. ಅಷ್ಟು ವರ್ಷ ಜ್ವಾಪಾನ ಮಾಡಿದ ಆಸೇನ ಒಂದೇ ರಾತ್ರಿಗೆ ಖರ್ಚು ಮಾಡ್ಕಂಡ್ರಿ. ಇನ್ನೇನಿಟ್ಕಂಡು ಕಾಯ್ತೀರಾ? ನಮ್ ಕಡೆ ಬನ್ರೋ. ಇಲ್ಲಿ ಇನ್ನೂ ಸ್ಟಾಕೈತೆ."

ಎಲ್ಲರೂ ನಕ್ಕರು. ಕೊನೆಯಲ್ಲಿ ನಿಂತಿದ್ದ ಒಬ್ಬ ಮಾತ್ರ ಬಾಯಿ ತಪ್ಪಿ ಕೇಳಿದ: "ಹಂಗಾರೆ ನಾವು ಯಾವಾಗ ಗೆಲ್ತೀವಿ ಗೌಡ್ರೇ?"

'ನಾವು' ಎಂದದ್ದೇ ತಡ, ಹುಟ್ಟಿದಾಗಿನಿಂದ ಇನ್ನೊಬ್ಬರ ಚಹಾಕ್ಕೆ ದುಡ್ಡು ಕೊಟ್ಟರಿಯದ ಗೌಡರು ಅಂಗಡಿಯವನ ಕಡೆ ತಿರುಗಿದರು. "ಇವನ ಲೆಕ್ಕಾನೂ ನಂದಕ್ಕೇ ಬರ್ಕಳಯ್ಯಾ. ಬರೋ ವರ್ಷ ಕೊಡ್ತೀನಿ."