ಅಳತೆಯ ರಾಯರು

ಬೆಂಡೆಕಾಯಿಯ ತುದಿಯನ್ನು ಮುರಿದು ನೋಡದೆ ಕೊಳ್ಳದವರು, ತೆಂಗಿನಕಾಯಿಯನ್ನು ಕಿವಿಯ ಬಳಿ ಕುಲುಕದೆ ಚೀಲಕ್ಕಿಳಿಸದವರು, ಹೂವಿನ ಮಾರನ್ನು ತಮ್ಮ ಕೈಯಿಂದಲೇ ಇನ್ನೊಮ್ಮೆ ಅಳೆಯುವವರು ಬಸವನಗುಡಿಯಲ್ಲಿ ಬೀದಿಗೊಬ್ಬರಾದರೂ ಇರುವರು. ನಮ್ಮ ನೆರೆಮನೆಯ ರಾಯರು ಈ ಪಂಗಡಕ್ಕೆ ಶಿರೋಮಣಿಪ್ರಾಯರು. ಗಾಂಧಿ ಬಜಾರಿನ ವರ್ತಕರೆಲ್ಲರೂ ಸೋತು ಶರಣಾದ ಅವರ ಪರೀಕ್ಷಕಬುದ್ಧಿಗೆ ತಕ್ಕ ಎದುರಾಳಿಯು ದೊರೆತದ್ದು, ಹೊಸ ಕಂಪ್ಯೂಟರಿಗೆ ಸೌಂಡ್ ಕಾರ್ಡೊಂದನ್ನು ತರಲು ಅವರು ಹೊರಟ ದಿನ.

ಕಾರಣವೇನೋ ಘನವಾದದ್ದೇ. 1939ರಲ್ಲಿ ಚಾಮರಾಜಪೇಟೆಯಲ್ಲಿ ಆರಂಭವಾದ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಕಚೇರಿಗಳಿಗೆ ತಪ್ಪದೆ ಹೋಗಿ, ಕೋಟೆ ಹೈಸ್ಕೂಲಿನ ಚಪ್ಪರದಡಿಯಲ್ಲಿ ತೊಡೆಯ ಮೇಲೆ ಟೇಪ್ ರೆಕಾರ್ಡರನ್ನಿರಿಸಿಕೊಂಡು, ಅವರದೇ ಮಾತಿನಲ್ಲಿ ಹೇಳುವುದಾದರೆ "ಮಂಗಳದವರೆಗೂ ರೆಪ್ಪೆ ಮುಚ್ಚದೆ" ಹಿಡಿದಿಟ್ಟ ನಾದವು 2 ಟ್ರಂಕುಗಳ ತುಂಬ ಕ್ಯಾಸೆಟ್ಟುಗಳಾಗಿ ಬೂಷ್ಟು ಹಿಡಿಯುತ್ತಲಿತ್ತು. ಅದನ್ನು ಕಂಪ್ಯೂಟರಿಗೆ ಏರಿಸಬೇಕಾಗಿತ್ತು.

ಹೆಂಗಸರು ದರ್ಜಿಯ ಬಳಿಗೆ ಅಳತೆ ರವಿಕೆಯನ್ನು ಒಯ್ಯುವಂತೆ, ರಾಯರು ಹಳೆಯ ಯಂತ್ರದಿಂದ ಕಿತ್ತ ಕಾರ್ಡನ್ನು ಪಂಚೆಯ ತುಂಡಿನಲ್ಲಿ ಸುತ್ತಿಕೊಂಡು, ನನ್ನನ್ನೂ ಎಳೆದುಕೊಂಡು, ಎಸ್.ಪಿ. ರಸ್ತೆಗೆ ದಯಮಾಡಿಸಿದರು. ಅಂಗಡಿಯ ಹುಡುಗ ಅದನ್ನು ಕಂಡೊಡನೆಯೇ ನಕ್ಕ.

"ಅಂಕಲ್, ಇದು ಪಿಸಿಐ. ನಿಮ್ಮ ಹೊಸ ಬೋರ್ಡಲ್ಲಿ ಆ ಬಿಳೀ ಸ್ಲಾಟೇ ಇಲ್ಲ, ಎಕ್ಸ್‌ಪ್ರೆಸ್ ಬೇಕು. ಆದ್ರೂ ಬೋರ್ಡಲ್ಲೇ ಸೌಂಡ್ ಬರತ್ತಲ್ಲ, ಕಾರ್ಡ್ ಯಾಕೆ?"

"ಊಟದ ಜೊತೆ ಬಿಟ್ಟಿ ಬಡಿಸೋದನ್ನ ಉಪ್ಪಿನಕಾಯಿ ಅಂತಾರೇನಯ್ಯ?"

1992ರಲ್ಲಿ ಇಂಟೆಲ್ ಹೊರತಂದ ಪಿಸಿಐ ಗತಿಸಿತೆಂಬ ವಾರ್ತೆಯನ್ನು ರಾಯರು ನೆಂಟರ ಸಾವಿನ ಸುದ್ದಿಯಂತೆ ಮೌನವಾಗಿ ಸ್ವೀಕರಿಸಿ, ಅನಂತರ ಜೇಬಿನಿಂದ ಲಗ್ನಪತ್ರಿಕೆಯೊಂದನ್ನು ತೆಗೆದರು. ಅದರ ಬೆನ್ನಿನ ಮೇಲೆ ಮದರ್‌ಬೋರ್ಡಿನ ನಕ್ಷೆಯು ಪೆನ್ಸಿಲಿನಲ್ಲಿ, ಮಿಲಿಮೀಟರುಗಳ ಸಮೇತ ವಿರಾಜಿಸುತ್ತಿದ್ದಿತು. ಎಕ್ಸ್‌1 ಎಂಬ ಗಿಡ್ಡ ಕಾರ್ಡು ಎಕ್ಸ್‌16 ಎಂಬ ಉದ್ದ ಸ್ಲಾಟಿನಲ್ಲಿಯೂ ಕೂರುವುದೆಂದು ಹುಡುಗ ಸಮಾಧಾನ ಹೇಳಿದರೆ, ಪಕ್ಕದ ಗ್ರಾಫಿಕ್ಸ್ ಕಾರ್ಡಿನ ಫ್ಯಾನು ಅದರ ಮೇಲೆ ಒರಗುವುದೋ ಎಂದು ಇವರು. ಅದೂ ತೀರಿದರೆ, ತಗಡಿನ ಪಟ್ಟಿಯು ಡಬ್ಬದ ಎತ್ತರಕ್ಕೆ ಹೊಂದುವುದೋ, ಡ್ರೈವರ್ ಈ ವಿಂಡೋಸಿಗೆ ಒಗ್ಗುವುದೋ ಎಂದು! ಪ್ರಶ್ನೆಗಳೆಲ್ಲವೂ ನ್ಯಾಯವಾದವೇ, ಆದರೆ ಅಷ್ಟರಲ್ಲಿ ಹುಡುಗ ಇತರ 5 ಗಿರಾಕಿಗಳನ್ನು ಕಳುಹಿಸಿ, ನಮಗೂ ಒಂದೊಂದು ಲೋಟ ಕಾಫಿ ತರಿಸಿದ್ದ.

ಕಾರ್ಡು ಸ್ಲಾಟಿನಲ್ಲಿ ಟಕ್ಕನೆ ಕುಳಿತಿತು. ಬಯಾಸಿನಲ್ಲಿ ಬೋರ್ಡಿನ ಬಿಟ್ಟಿ ಸದ್ದನ್ನು ಅಡಗಿಸಿ, ನೀಲಿ ರಂಧ್ರಕ್ಕೆ ಕ್ಯಾಸೆಟ್ ಪ್ಲೇಯರಿನ ತಂತಿಯನ್ನು ಸಿಕ್ಕಿಸಿದ್ದೂ ಆಯಿತು. ಮೂರನೆಯ ದಿನ ರಾಯರು ಕಳವಳದಿಂದ ನನ್ನನ್ನು ಕರೆದೊಯ್ದರು. ತೋಡಿ ಆಲಾಪನೆಯ ನಡುವೆ, ಷಡ್ಜಕ್ಕಿಂತ ತುಸು ಕೆಳಗೆ, ಏರಿಳಿಯುವ ಒಂದು ಗೊರಗೊರ ಶಬ್ದ.

"ಪವರ್ ಸಪ್ಲೈದೇ ಇರಬೇಕು. ಇಲ್ಲಾ, ಅರ್ಥಿಂಗ್ ಸರಿಯಿಲ್ಲ. ಕಾರ್ಡೂ ಬೋರ್ಡೂ ಹೊಂದಿಕೊಳ್ತಿಲ್ಲ ಕಣ್ರೀ!"

ಕಾಫಿ ತಂದ ಅವರ ಪತ್ನಿ ಒಂದು ಗಳಿಗೆ ಕಿವಿಗೊಟ್ಟರು.

"ಯಾವ ಕರೆಂಟಿನ ಸದ್ದೂ ಅಲ್ಲ. ನಲವತ್ತು ವರ್ಷದಿಂದ ರಾತ್ರಿಯೆಲ್ಲ ಕೇಳಿದೀನಿ, ನಂಗೆ ಗೊತ್ತಾಗಲ್ವೆ?"

ರಾಯರು ಟೇಪನ್ನು ಹಿಂದಕ್ಕೆ ಸುತ್ತಿ, ಕಣ್ಣರಳಿಸಿ ಮತ್ತೊಮ್ಮೆ ಆಲಿಸಿದರು. ಬಳಿಕ ನನ್ನತ್ತ ತಿರುಗಿ ವಿಜಯೋತ್ಸಾಹದಿಂದ ನುಡಿದರು:

"ನೋಡಿದಿರಾ! ಹಳೇ ಕಾರ್ಡಲ್ಲಿ ಇಷ್ಟು ಸ್ಪಷ್ಟವಾಗಿ ಕೇಳಿಸ್ತಿತ್ತೇನ್ರೀ?"